ಒಳಗೆ ಮರ, ಹೊರಗೆ ಗಾಜು

ಹುಬ್ಬಳ್ಳಿಯಲ್ಲೋ ನವಲಗುಂದದಲ್ಲೋ ನಿಂತು ‘ಮಹದಾಯಿ’ ಅಂದು ನೋಡಿ. ಕೇಳಿದವರ ಕಣ್ಮುಂದೆ ಬರುವುದು ಧರಣಿಯ ಶಾಮಿಯಾನ, ನಿಂತುಹೋದ ಬಸ್ಸು, ಸುಟ್ಟ ಟೈರಿನ ಹೊಗೆ, ನ್ಯಾಯಮಂಡಳಿ, 13.42 ಟಿಎಂಸಿ. ಅದೇ ಹೆಸರನ್ನು ಗೋವಾದ ನೌಕಾನೆಲೆಯಲ್ಲಿ ಅಂದರೆ ಚಿತ್ರವೇ ಬೇರೆ. ಅಲ್ಲಿ ಅದು 56 ಅಡಿ ಉದ್ದದ ಒಂದು ಹಾಯಿದೋಣಿ. ಭೂಮಿಯನ್ನು ಎರಡು ಸಲ ಸುತ್ತಿ ಬಂದಿದೆ, ಎರಡು ಸಲವೂ ಒಬ್ಬನೇ ಒಬ್ಬನನ್ನು ಹೊತ್ತುಕೊಂಡು.

ನದಿ ಹುಟ್ಟುವುದು ನಮ್ಮ ಖಾನಾಪುರ ತಾಲ್ಲೂಕಿನ ದೇಗಾವಿನ ಬಳಿ, ಭೀಮಗಡದ ಕಾಡಿನಲ್ಲಿ. ಗಡಿ ದಾಟಿದರೆ ಮ್ಹಾದೇಯಿ, ಪಣಜಿಯ ಹತ್ತಿರ ಬರುವಷ್ಟರಲ್ಲಿ ಮಾಂಡೋವಿ. ಸಮುದ್ರ ಸೇರುವ ಮುನ್ನ ದಿವಾರ್ ಎಂಬ ನಡುಗಡ್ಡೆಯನ್ನು ಬಳಸಿಕೊಂಡು ಹರಿಯುತ್ತದೆ. ದೋಣಿ ತಯಾರಾದದ್ದು ಆ ದಿವಾರಿನಲ್ಲಿ. ಹೊಳೆಯ ದಂಡೆಯಲ್ಲಿ ಹುಟ್ಟಿದ ಕೂಸಿಗೆ ಹೊಳೆಯ ಹೆಸರನ್ನೇ ಇಟ್ಟರು. ನೌಕಾಪಡೆಯ ದಾಖಲೆಯಲ್ಲಿ ಅದು ‘ಐಎನ್‌ಎಸ್‌ವಿ ಮ್ಹಾದೇಯಿ’. ದೋಣಿ ಮೊದಲ ಸುತ್ತು ಮುಗಿಸಿ ಮುಂಬೈಗೆ ಮರಳಿದ್ದು 2010ರ ಮೇ ತಿಂಗಳಲ್ಲಿ. ಅದೇ ವರ್ಷದ ನವೆಂಬರಿನಲ್ಲಿ, ಹೊಳೆಯ ನೀರಿಗಾಗಿ ಕರ್ನಾಟಕಕ್ಕೂ ಗೋವಾಕ್ಕೂ ಇದ್ದ ಜಗಳ ಬಿಡಿಸಲು ಮಹದಾಯಿ ನ್ಯಾಯಮಂಡಳಿ ರಚನೆಯಾಯಿತು. ಎರಡಕ್ಕೂ ಸಂಬಂಧವೇನಿಲ್ಲ. ಆದರೂ ಒಂದೇ ಹೆಸರು ಒಂದೇ ವರ್ಷ ಪತ್ರಿಕೆಯ ಎರಡು ಬೇರೆ ಪುಟಗಳಲ್ಲಿ ಬಂದದ್ದನ್ನು ಯಾರೂ ಗಮನಿಸಿದಂತಿಲ್ಲ.

ಇಂಥ ಯಾನಗಳ ಬಗ್ಗೆ ಬರೆಯುವಾಗ ನಾವೆಲ್ಲ ಯಾನಿಯನ್ನೇ ಬರೆಯುತ್ತೇವೆ. ಅವನ ಒಂಟಿತನ, ಅವಳ ಧೈರ್ಯ, ಬೆಟ್ಟದಂಥ ಅಲೆ. ದೋಣಿ ಎಂಬುದು ಫೋಟೊದ ಹಿನ್ನೆಲೆಯಾಗಿ ಉಳಿದುಬಿಡುತ್ತದೆ. ನನಗೆ ಆ ಹಿನ್ನೆಲೆಯ ಮೇಲೇ ಕಣ್ಣು. ಆರೇಳು ತಿಂಗಳು ಅಲೆಯ ಹೊಡೆತ ತಿಂದೂ ಬಾಯಿ ಬಿಡದ ಆ ಒಡಲು ಯಾವುದರಿಂದ ಆದದ್ದು, ಯಾರು ಕಟ್ಟಿದ್ದು?

ಉತ್ತರ ನಮ್ಮ ಕರಾವಳಿಯ ಯಾವ ಬಂದರಿನಲ್ಲಾದರೂ ಅರ್ಧ ಸಿಗುತ್ತದೆ. ಕೆಲವು ವರ್ಷಗಳ ಹಿಂದೆ ಮಲ್ಪೆಯ ಹತ್ತಿರ ಒಂದು ತಗಡಿನ ಶೆಡ್ಡಿಗೆ ಹೋಗಿದ್ದೆ. ಬಾಗಿಲಿಗೆ ಬರುವ ಮೊದಲೇ ಮೂಗಿಗೆ ಬಡಿಯಿತು ರೆಸಿನ್ನಿನ ವಾಸನೆ, ನೇಲ್ ಪಾಲಿಷಿನ ಬಾಟಲಿಯೊಳಗೆ ತಲೆ ಇಟ್ಟಂತೆ. ಒಳಗೆ ದೋಣಿಯಾಕಾರದ ಅಚ್ಚು. ಅಚ್ಚಿನ ಒಳಮೈಗೆ ಮೊದಲು ಮೇಣ, ಮೇಲೆ ಜೆಲ್‌ಕೋಟ್ ಎಂಬ ಬಣ್ಣದ ಪದರ. ಅದು ಒಣಗಿದ ಮೇಲೆ ಬಿಳಿ ಹೊದಿಕೆಯಂಥ ಗಾಜಿನ ಮ್ಯಾಟ್ ಹಾಸಿ, ಬಕೆಟ್ಟಿನಲ್ಲಿ ಕಲಸಿದ ರೆಸಿನ್ನನ್ನು ಬ್ರಶ್ಶಿನಿಂದ ಕುಡಿಸುತ್ತಾರೆ. ಬಿಳಿ ಇದ್ದದ್ದು ನೆನೆದಂತೆಲ್ಲ ಪಾರದರ್ಶಕವಾಗುತ್ತದೆ. ಎಲ್ಲಿ ಬಿಳಿ ಚುಕ್ಕೆ ಉಳಿಯಿತೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ಅರ್ಥ. ಕಬ್ಬಿಣದ ಚಕ್ರದಂಥ ರೋಲರ್ ಉರುಳಿಸಿ ಅದನ್ನು ಓಡಿಸಬೇಕು. ಹಾರ್ಡನರ್ ಬೆರೆಸಿದ ಮೇಲೆ ಪುರುಸೊತ್ತಿಲ್ಲ. ಏಪ್ರಿಲ್ ಬಿಸಿಲಿನಲ್ಲಂತೂ ಬಕೆಟ್ಟಿನಲ್ಲೇ ಹೊಗೆಯಾಡಿ ಕಲ್ಲಾಗಿಬಿಡುತ್ತದೆ. ಕೆಲಸ ಮಾಡುತ್ತಿದ್ದ ಹುಡುಗರ ಮೊಣಕೈವರೆಗೆ ತೆಂಗಿನೆಣ್ಣೆ ಮಿರುಗುತ್ತಿತ್ತು. ಗಾಜಿನ ಎಳೆ ಚರ್ಮಕ್ಕೆ ಚುಚ್ಚಿದರೆ ಮೂರು ದಿನ ತುರಿಕೆ. ‘ಮೊದಲು ಮೈಗೆ ಎಣ್ಣೆ, ಆಮೇಲೆ ದೋಣಿ’ ಎಂದ ಒಬ್ಬ. ಅವನ ಅಜ್ಜನ ಕಾಲದಲ್ಲಿ ಎಣ್ಣೆ ಬೀಳುತ್ತಿದ್ದದ್ದು ದೋಣಿಯ ಮೈಗೆ: ಬೂತಾಯಿ ಮೀನಿನ ಎಣ್ಣೆ ಬಳಿಯದಿದ್ದರೆ ಮರಕ್ಕೆ ಹುಳ ಬೀಳುತ್ತಿತ್ತು.

ಫೈಬರ್ ದೋಣಿ ಎಂದರೆ ಇಷ್ಟೇ. ಗಾಜು, ಅಂಟು, ಕೈಚಳಕ. ಗಾಜು ಒಡೆಯುವ ವಸ್ತು ಎಂದು ನಮಗೆ ಗೊತ್ತು. ಕೂದಲಿಗಿಂತ ತೆಳ್ಳಗೆ ಎಳೆದಾಗ ಅದೇ ಗಾಜು ಬಾಗುತ್ತದೆ, ಎಳೆದರೆ ಜಪ್ಪಯ್ಯ ಎನ್ನುವುದಿಲ್ಲ. ಆ ಎಳೆಗಳನ್ನು ಜಾಗದಲ್ಲಿ ಹಿಡಿದಿಡಲು ರೆಸಿನ್. ಅಮೆರಿಕದಲ್ಲಿ 1930ರ ದಶಕದಲ್ಲಿ ಗಾಜಿನ ಎಳೆಯನ್ನು ಕಾರ್ಖಾನೆಯಲ್ಲಿ ರಾಶಿಗಟ್ಟಲೆ ತೆಗೆಯುವ ಬಗೆ ಸಿಕ್ಕಿತು. ತಾನಾಗಿ ಗಟ್ಟಿಯಾಗುವ ಪಾಲಿಯೆಸ್ಟರ್ ರೆಸಿನ್ ಅದರ ಹಿಂದೆಯೇ ಬಂತು. ಒಹಾಯೊದ ರೇ ಗ್ರೀನ್ ಎಂಬಾತ 1942ರಲ್ಲೇ ಎರಡನ್ನೂ ಕೂಡಿಸಿ ಸಣ್ಣ ಹಾಯಿದೋಣಿಯೊಂದನ್ನು ಮಾಡಿ ತೇಲಿಸಿದ. ಯುದ್ಧ ಮುಗಿಯುವವರೆಗೆ ಯಾರಿಗೂ ಅತ್ತ ನೋಡಲು ಬಿಡುವಿರಲಿಲ್ಲ.

ಆಟ ನಿಜವಾಗಿ ಬದಲಾದದ್ದು 1959ರ ನ್ಯೂಯಾರ್ಕ್ ದೋಣಿ ಮೇಳದಲ್ಲಿ. ರೋಡ್ ಐಲೆಂಡಿನ ಕ್ಲಿಂಟನ್ ಮತ್ತು ಎವರೆಟ್ ಪಿಯರ್ಸನ್ ಎಂಬ ದಾಯಾದಿ ಸೋದರರು ‘ಟ್ರೈಟನ್’ ಎಂಬ 28 ಅಡಿಯ ಹಾಯಿದೋಣಿಯನ್ನು ಅಲ್ಲಿಗೆ ತಂದಿಟ್ಟರು. ವಿನ್ಯಾಸ ಸ್ವೀಡನ್ ಮೂಲದ ಕಾರ್ಲ್ ಆಲ್‌ಬರ್ಗ್ ಅವರದು. ನಾಲ್ಕು ಜನ ಮಲಗಬಹುದು, ಅಡುಗೆ ಮಾಡಿಕೊಳ್ಳಬಹುದು, ಬೆಲೆ ಹತ್ತು ಸಾವಿರ ಡಾಲರಿನೊಳಗೆ. ಅಲ್ಲಿಯವರೆಗೆ ಹಾಯಿದೋಣಿಯಲ್ಲಿ ವಿಹಾರ ಎಂದರೆ ಶ್ರೀಮಂತರ ಶೋಕಿ. ಮರದ ದೋಣಿಯನ್ನು ಬಡಗಿ ಒಂದೊಂದಾಗಿ ಕಟ್ಟಬೇಕು, ವರ್ಷವರ್ಷ ಕೆರೆಸಿ ಬಣ್ಣ ಹೊಡೆಸಬೇಕು. ಅಚ್ಚಿನಿಂದ ಇಡ್ಲಿಯಂತೆ ಇಳಿಯುವ ದೋಣಿಗೆ ಅದೊಂದೂ ಬೇಡ. ಮೇಷ್ಟರು, ಗುಮಾಸ್ತರು ಕೊಂಡರು. ಸುಮಾರು 700 ಟ್ರೈಟನ್‌ಗಳು ತಯಾರಾದವು. ಈ ಹೊಸ ವಸ್ತುವನ್ನು ಎಷ್ಟು ನಂಬಬೇಕೆಂಬುದು ತಿಳಿಯದೆ ಆಗಿನವರು ಒಡಲನ್ನು ಬೇಕಾದ್ದಕ್ಕಿಂತ ದಪ್ಪ ಮಾಡಿದರು. ಆ ಅಪನಂಬಿಕೆಯ ಪುಣ್ಯದಿಂದ ಅವುಗಳಲ್ಲಿ ಎಷ್ಟೋ ಇಂದಿಗೂ ತೇಲುತ್ತಿವೆ.

ಹಾಗೆಂದು ಫೈಬರಿಗೆ ರೋಗವಿಲ್ಲವೆಂದಲ್ಲ. ನೀರಿನಲ್ಲೇ ವರ್ಷಗಟ್ಟಲೆ ನಿಂತರೆ ಜೆಲ್‌ಕೋಟ್‌ ದಾಟಿ ತೇವ ನುಸುಳುತ್ತದೆ, ಒಳಗಿನ ರಾಸಾಯನಿಕಗಳೊಂದಿಗೆ ಸೇರಿ ಮೈತುಂಬ ಬೊಕ್ಕೆ ಎಬ್ಬಿಸುತ್ತದೆ. ಮುಟ್ಟಿದರೆ ಒಡೆದು ವಿನಿಗರಿನ ವಾಸನೆಯ ನೀರು. ಇನ್ನೊಂದು ತೊಂದರೆ ಮುದಿತನದ್ದು. ಮರದ ದೋಣಿ ಕೊಳೆತು ಮಣ್ಣಾಗುತ್ತದೆ, ಕೊನೆಗೆ ಒಲೆಗಾದರೂ ಆಗುತ್ತದೆ. ಫೈಬರ್ ದೋಣಿಗೆ ಸಾವೇ ಇಲ್ಲ. ಬಂದರುಗಳ ಹಿತ್ತಿಲಲ್ಲಿ ಮಳೆನೀರು ತುಂಬಿಕೊಂಡು ಸೊಳ್ಳೆ ಸಾಕುತ್ತ ಬಿದ್ದಿರುವ ಹಳೆಯ ಫೈಬರ್ ಚಿಪ್ಪುಗಳನ್ನು ನಮ್ಮ ಕರಾವಳಿಯಲ್ಲಿ ನೋಡದವರು ಯಾರು?

ವಸ್ತುವಿನ ಮಾತಾಯಿತು. ಆಕಾರಕ್ಕೂ ಒಂದು ಚರಿತ್ರೆ ಇದೆ, ಅದರಲ್ಲಿ ಒಂದು ಕರಾಳ ಅಧ್ಯಾಯವೂ ಇದೆ. 1979ರ ಆಗಸ್ಟಿನಲ್ಲಿ ಇಂಗ್ಲೆಂಡಿನಿಂದ ಐರ್ಲೆಂಡಿನ ತೆಂಕಣ ತುದಿಯ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಬರುವ ಪಂದ್ಯಕ್ಕೆ 303 ದೋಣಿಗಳು ಹೊರಟಿದ್ದವು. ದಾರಿಯಲ್ಲಿ ಬಿರುಗಾಳಿ ಎದ್ದಿತು. ಪಂದ್ಯದಲ್ಲಿದ್ದ 15 ಮಂದಿ ಸತ್ತರು. 24 ದೋಣಿಗಳನ್ನು ನಡುನೀರಿನಲ್ಲಿ ಬಿಟ್ಟು ಜನ ಜೀವ ಉಳಿಸಿಕೊಳ್ಳಬೇಕಾಯಿತು, ಐದು ಮುಳುಗಿದವು. ಆಮೇಲಿನ ತನಿಖೆಯಲ್ಲಿ ಕಂಡದ್ದು ಇದು: ವೇಗಕ್ಕಾಗಿ ಹಗುರ ಮಾಡಿ ಅಗಲ ಮಾಡಿದ್ದ ಕೆಲವು ಹೊಸ ಪಂದ್ಯದ ದೋಣಿಗಳು ಒಮ್ಮೆ ಮಗುಚಿದರೆ ಬೆನ್ನ ಮೇಲೆ ಬಿದ್ದ ಆಮೆಯಂತೆ ಹಾಗೇ ಉಳಿದವು. ಅತಿ ಸಣ್ಣ ದೋಣಿಗಳ ವರ್ಗದಲ್ಲಿ ಗುರಿ ಮುಟ್ಟಿದ್ದು ಒಂದೇ ಒಂದು. ಅದು ‘ಅಸೆಂಟ್’, ಡೇವಿಡ್ ಸ್ಯಾಡ್ಲರ್ ವಿನ್ಯಾಸದ ಕಾಂಟೆಸಾ 32. ಕಿರಿದಾದ, ಆಳವಾದ, ಹಳೆಯ ರೀತಿಯ ಫೈಬರ್ ದೋಣಿ. ಅಂದಿನಿಂದ ದೂರಯಾನದ ದೋಣಿ ಕೊಳ್ಳುವವರು ಎಷ್ಟು ಜೋರಾಗಿ ಓಡುತ್ತದೆ ಎನ್ನುವುದರ ಜೊತೆಗೆ ‘ಮಗುಚಿದರೆ ಏಳುತ್ತದೆಯೇ?’ ಎಂದೂ ಕೇಳತೊಡಗಿದರು.

ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಆವಟಿ ಅವರ ತಲೆಯಲ್ಲಿ ಇದ್ದದ್ದು ಇಂಥದೊಂದು ಏಳುವ ದೋಣಿ. ಭಾರತೀಯನೊಬ್ಬ ಒಬ್ಬನೇ ಹಾಯಿಯಲ್ಲಿ ಭೂಮಿ ಸುತ್ತಬೇಕು, ದೋಣಿಯೂ ಇಲ್ಲೇ ಆಗಬೇಕು ಎಂಬುದು ಅವರ ಹಟ. ಮೊದಲ ಅರ್ಧಕ್ಕೆ ಮಾದರಿಗಳಿದ್ದವು. 1985–87ರಲ್ಲಿ ಭೂಸೇನೆಯ ಇಂಜಿನಿಯರುಗಳ ತಂಡ ‘ತೃಷ್ಣಾ’ ಎಂಬ 37 ಅಡಿಯ ದೋಣಿಯಲ್ಲಿ ಭೂಮಿ ಸುತ್ತಿತ್ತು. ಆದರೆ ಅದು ತಂಡ, ದೋಣಿ ವಿದೇಶದ್ದು. ಇನ್ನರ್ಧಕ್ಕೂ ಒಂದು ಮಾದರಿ ಇತ್ತು, ತಿರುಗುಮುರುಗಾಗಿ: ಜಗತ್ತಿನಲ್ಲೇ ಮೊದಲ ಬಾರಿಗೆ ಎಲ್ಲೂ ನಿಲ್ಲದೆ ಒಬ್ಬನೇ ಭೂಮಿ ಸುತ್ತಿದ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968–69ರಲ್ಲಿ ಹೋದದ್ದು ‘ಸುಹೈಲಿ’ಯಲ್ಲಿ. 32 ಅಡಿಯ ಆ ಸಾಗವಾನಿ ದೋಣಿ ಕಟ್ಟಿದ್ದು ಬಾಂಬೆಯಲ್ಲಿ. ಇಂಗ್ಲೆಂಡಿನವನಿಗೆ ನಮ್ಮ ಬಡಗಿಗಳು ಭೂಮಿ ಸುತ್ತುವ ದೋಣಿ ಮಾಡಿಕೊಟ್ಟು ನಾಲ್ಕು ದಶಕ ಕಳೆದರೂ ನಮ್ಮವನೊಬ್ಬ ಹೊರಟಿರಲಿಲ್ಲ.

2006ರಲ್ಲಿ ಕಮಾಂಡರ್ ದಿಲೀಪ್ ದೋಂದೆ ನಾನು ಹೋಗುತ್ತೇನೆ ಎಂದು ಮುಂದೆ ಬಂದರು. ನಕ್ಷೆ ಹಾಲೆಂಡಿನದು: ವಾನ್ ಡಿ ಸ್ಟಾಟ್ ಸಂಸ್ಥೆಯ ‘ಟೋಂಗಾ 56’. ಯುರೋಪಿನಲ್ಲಿ ಫೈಬರ್ ಹಾಯಿದೋಣಿಗಳನ್ನು ಸಾಲುಸಾಲಾಗಿ ಕಟ್ಟಲು ವಿನ್ಯಾಸ ಮಾಡಿಕೊಟ್ಟ ಮೊದಲಿಗರಲ್ಲಿ ಈ ಸಂಸ್ಥೆಯ ಸ್ಥಾಪಕರೂ ಒಬ್ಬರು. ಕಟ್ಟುವ ಹೊಣೆ ದಿವಾರಿನ ಅಕ್ವೇರಿಯಸ್ ಯಾರ್ಡಿನ ರತ್ನಾಕರ ದಾಂಡೇಕರರದು. ಸಣ್ಣ ಫೈಬರ್ ದೋಣಿಗಳನ್ನು ಮಾಡುತ್ತಿದ್ದ ಚಿಕ್ಕ ಯಾರ್ಡು. ಸಾಗರ ದಾಟುವ ಹಾಯಿದೋಣಿಯನ್ನು ಅಲ್ಲಿ ಯಾರೂ ಕಟ್ಟಿರಲಿಲ್ಲ. ಕಟ್ಟುವ ದಿನಗಳಲ್ಲಿ ದೋಂದೆ ಯಾರ್ಡಿನಲ್ಲೇ ಬೀಡುಬಿಟ್ಟಿದ್ದರು. ನಾಳೆ ತೆಂಕಣ ಸಾಗರದ ನಡುವೆ ಏನಾದರೂ ಮುರಿದರೆ ರಿಪೇರಿ ಮಾಡಬೇಕಾದವನು ತಾನೇ ತಾನೆ? ಯಾವ ಸ್ಕ್ರೂ ಎಲ್ಲಿ ಕೂತಿದೆ ಎಂದು ಗೊತ್ತಿರಬೇಕು.

ಒಂದೇ ದೋಣಿಗಾಗಿ 56 ಅಡಿಯ ಅಚ್ಚು ಮಾಡಿಸುವುದು ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ. ಹಾಗಾಗಿ ಮ್ಹಾದೇಯಿಯ ಒಡಲು ಅಚ್ಚಿನಿಂದ ಇಳಿದದ್ದಲ್ಲ. ಅದಕ್ಕೆ ತಿರುಳು ಮರ, ತೊಗಟೆ ಗಾಜು. ಕೆಂಪು ಸೀಡರ್ ಎಂಬ ಹಗುರ ಮರವನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಪಟ್ಟಿಗೆ ಪಟ್ಟಿ ಅಂಟಿಸುತ್ತ ಒಡಲಿನ ಆಕಾರ ತರುತ್ತಾರೆ, ಚಾಪೆ ಹೆಣೆದಂತೆ. ಬಾಗು ಎಲ್ಲಿ ಹೆಚ್ಚೋ ಅಲ್ಲಿ ಪಟ್ಟಿಯನ್ನು ಓಲೈಸಬೇಕು, ಬಲವಂತ ಮಾಡಿದರೆ ಸೀಳುತ್ತದೆ. ಮೇಲ್ಮೈಯನ್ನು ದಿನಗಟ್ಟಲೆ ಉಜ್ಜಿ ನುಣುಪು ಮಾಡಿ ಹೊರಗೊಂದು, ಒಳಗೊಂದು ಗಾಜಿನ ಬಟ್ಟೆಯ ಪದರವನ್ನು ಎಪಾಕ್ಸಿ ಎಂಬ ರೆಸಿನ್ನಿನಲ್ಲಿ ಕೂರಿಸುತ್ತಾರೆ. ಕೊನೆಗೆ ಮರ ಎಲ್ಲಿಯೂ ಕಾಣುವುದಿಲ್ಲ.

ಮರ ಯಾಕೆ ಬೇಕಿತ್ತು, ಬರೀ ಗಾಜೇ ಸಾಲದೆ? ಅಂಗಡಿಯ ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು ನೋಡಿ. ಎರಡು ತೆಳ್ಳನೆ ಕಾಗದ, ನಡುವೆ ಸುಕ್ಕುಸುಕ್ಕಾದ ಇನ್ನೊಂದು. ಆ ಎರಡು ಕಾಗದವನ್ನೇ ಬೆನ್ನಿಗೆ ಬೆನ್ನು ಅಂಟಿಸಿದರೆ ಬೆರಳಿನಲ್ಲಿ ಮಡಚಬಹುದು. ನಡುವೆ ಅಂತರ ಕೊಟ್ಟಾಗ ಮೂವತ್ತು ಕಿಲೊ ಸಾಮಾನು ಹೊರುತ್ತದೆ. ಹಲಗೆಯ ದಪ್ಪ ಎರಡು ಪಟ್ಟಾದರೆ ಅದರ ಬಿರುಸು ಎಂಟು ಪಟ್ಟಾಗುತ್ತದೆ, ಇದು ಇಂಜಿನಿಯರಿಂಗಿನ ಹಳೆಯ ಲೆಕ್ಕ. ಒಡಲು ಬಾಗುವಾಗ ಒಂದು ಚರ್ಮ ಹಿಗ್ಗಲು ನೋಡುತ್ತದೆ, ಇನ್ನೊಂದು ಕುಗ್ಗಲು ನೋಡುತ್ತದೆ, ನಡುವಿನ ಮರ ಎರಡನ್ನೂ ಅವುಗಳ ಜಾಗ ಬಿಡದಂತೆ ಹಿಡಿದಿರುತ್ತದೆ. ಜೊತೆಗೆ ಸೀಡರ್ ಬಿಸಿಲಿಗೂ ಚಳಿಗೂ ಗೋಡೆಯಾಗುತ್ತದೆ, ಅಲೆಯ ಸದ್ದನ್ನೂ ಕುಗ್ಗಿಸುತ್ತದೆ. ಈ ಬಗೆಯ ಒಡಲಿಗೆ ಒಂದೇ ಭಯ: ಗಾಜಿನ ಚರ್ಮ ಎಲ್ಲಾದರೂ ತೂತಾಗಿ ಮರಕ್ಕೆ ನೀರು ತಾಗಬಾರದು. ಅದಕ್ಕೇ ಒಂದೊಂದು ಬೋಲ್ಟಿನ ತೂತಿಗೂ ಮೊದಲು ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಮತ್ತೆ ಕೊರೆಯುವುದು ರೂಢಿ. ದುಪ್ಪಟ್ಟು ಕೆಲಸ. ಯಾರಿಗೂ ಕಾಣದ ಕೆಲಸ.

ದೋಣಿಯ ಕೆಳಗೆ ನೀರಿನಲ್ಲಿ ಮುಳುಗಿರುವ ಭಾರದ ರೆಕ್ಕೆಯೇ ಕೀಲ್. ಅದಕ್ಕೆ ಎರಡು ಕೆಲಸ. ದೋಣಿ ಮಗುಚಿದರೆ ಎಳೆದು ನೆಟ್ಟಗೆ ನಿಲ್ಲಿಸುವುದು ಒಂದು. ಇನ್ನೊಂದು, ಗಾಳಿಗೆ ಎದುರಾಗಿಯೂ ಓರೆಯಾಗಿ ಮುಂದೆ ಹೋಗುವಂತೆ ಮಾಡುವುದು. ಒದ್ದೆ ಹಲಸಿನ ಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಪುಸಕ್ಕನೆ ಮುಂದೆ ಚಿಮ್ಮುತ್ತದಲ್ಲ, ಹಾಗೆ. ಒಂದು ಬೆರಳು ಹಾಯಿಯ ಮೇಲಿನ ಗಾಳಿ, ಇನ್ನೊಂದು ಕೀಲ್ ಮೇಲಿನ ನೀರು. ಮ್ಹಾದೇಯಿಯ ಒಟ್ಟು ತೂಕ ಸುಮಾರು 23 ಟನ್. ಹೊಸದಾಗಿ ನೋಡಿದವರಿಗೆ ಒಬ್ಬನೇ ಇದನ್ನು ಹೇಗೆ ಸಂಭಾಳಿಸುತ್ತಾನೆ ಎಂಬ ಅನುಮಾನ ಬರುವುದು ಸಹಜ. ಹಾಯಿಗಳನ್ನು ಎಳೆಯಲು ವಿಂಚುಗಳಿವೆ, ಚುಕ್ಕಾಣಿ ಹಿಡಿಯಲು ಆಟೊಪೈಲಟ್ ಇದೆ. ಯಾನಿ ಮಾಡಬೇಕಾದ್ದು ಅವೆಲ್ಲ ಕೆಟ್ಟಾಗ ರಿಪೇರಿ. ಅವು ಕೆಡುತ್ತಲೇ ಇರುತ್ತವೆ.

2009ರ ಫೆಬ್ರುವರಿ 12ರಂದು ದೋಣಿ ನೌಕಾಪಡೆಗೆ ಸೇರಿತು. ಆಗಸ್ಟ್ 19ಕ್ಕೆ ದೋಂದೆ ಮುಂಬೈ ಬಿಟ್ಟರು. ಫ್ರೀಮ್ಯಾಂಟಲ್, ಲಿಟಲ್‌ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್‌ಟೌನ್, ಈ ನಾಲ್ಕೇ ನಿಲುಗಡೆ. ಮುಂದಿನ ಮೇ ತಿಂಗಳಲ್ಲಿ ವಾಪಸು, ಒಬ್ಬನೇ ಹಾಯಿಯಲ್ಲಿ ಭೂಮಿ ಸುತ್ತಿದ ಮೊದಲ ಭಾರತೀಯನಾಗಿ. 2012ರ ನವೆಂಬರ್ 1ರಂದು ಅದೇ ದೋಣಿ ಹತ್ತಿದ ಅಭಿಲಾಷ್ ಟೋಮಿ ಎಲ್ಲೂ ನಿಲ್ಲಲಿಲ್ಲ, 2013ರ ಮಾರ್ಚ್ 31ಕ್ಕೆ ಮುಂಬೈಯಲ್ಲಿ ಸುತ್ತು ಮುಗಿಸಿದರು. ಇಂಥ ಯಾನಕ್ಕೆ ಒಂದು ಸೊಗಸಾದ ನಿಯಮವಿದೆ. ಕನಿಷ್ಠ 21,600 ನಾಟಿಕಲ್ ಮೈಲಿ ಆಗಬೇಕು. ಆ ಸಂಖ್ಯೆ ಎಲ್ಲಿಂದ ಬಂತು? ವೃತ್ತಕ್ಕೆ 360 ಡಿಗ್ರಿ, ಡಿಗ್ರಿಗೆ 60 ಮಿನಿಟು, ಮಿನಿಟಿಗೊಂದು ನಾಟಿಕಲ್ ಮೈಲಿ. ಗುಣಿಸಿ ನೋಡಿ. ಭೂಮಿಯ ಸೊಂಟದ ಅಳತೆ.

ಅದೇ ನಕ್ಷೆಯ ಎರಡನೆಯ ದೋಣಿ ‘ತಾರಿಣಿ’. 2016ರ ಮಾರ್ಚ್ 27ರಂದು ದಿವಾರಿನಲ್ಲಿ ಕೆಲಸ ಶುರು, 2017ರ ಫೆಬ್ರುವರಿಗೆ ನೌಕಾಪಡೆಯ ಕೈಗೆ. ಮೊದಲ ಸಲ ತಡಕಾಡಿದ ಕೈಗಳಿಗೆ ಈ ಸಲ ದಾರಿ ಗೊತ್ತಿತ್ತು. ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿ ನೇತೃತ್ವದ ಆರು ಮಹಿಳೆಯರು ಅದೇ ಸೆಪ್ಟೆಂಬರ್ 10ಕ್ಕೆ ಗೋವಾ ಬಿಟ್ಟರು. 254 ದಿನಗಳ ಆ ಸುತ್ತಿನ ಕೊನೆಯಲ್ಲಿ, ಮನೆ ಹತ್ತಿರ ಬಂತು ಎನ್ನುವಾಗ, ಚುಕ್ಕಾಣಿ ವ್ಯವಸ್ಥೆ ಕೈಕೊಟ್ಟಿತು. ಮಾರಿಷಸ್‌ನ ಪೋರ್ಟ್ ಲೂಯಿಗೆ ಹೋಗಿ ರಿಪೇರಿ ಮಾಡಿಸಿಕೊಂಡೇ ಮುಂದೆ ಬರಬೇಕಾಯಿತು. ಒಡಲು ಗಟ್ಟಿ, ಹಾಯಿ ಗಟ್ಟಿ, ಕೈಕೊಡುವುದು ಯಾವಾಗಲೂ ತಿರುಗುವ, ಉಜ್ಜುವ ಸಣ್ಣ ಭಾಗಗಳೇ. ಗಾಡಿ ಇಟ್ಟುಕೊಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

2024ರ ಅಕ್ಟೋಬರ್ 2ರಂದು ತಾರಿಣಿ ಮತ್ತೆ ಹೊರಟಿತು, ಈ ಸಲ ಇಬ್ಬರೇ: ಲೆಫ್ಟಿನೆಂಟ್ ಕಮಾಂಡರ್‌ಗಳಾದ ದಿಲ್ನಾ ಕೆ. ಮತ್ತು ರೂಪಾ ಎ. ಜನವರಿ ಕೊನೆಯಲ್ಲಿ ಅವರು ಶಾಂತಸಾಗರದ ಪಾಯಿಂಟ್ ನೀಮೊ ದಾಟಿದರು. ಯಾವ ದಿಕ್ಕಿಗೆ ಹೋದರೂ ನೆಲ ಸಿಗಲು ಸುಮಾರು 2,688 ಕಿಲೋಮೀಟರ್ ಸಾಗಬೇಕಾದ ಜಾಗ ಅದು. ಅಂತರಿಕ್ಷ ನಿಲ್ದಾಣ ನೆತ್ತಿಯ ಮೇಲೆ ಹಾದುಹೋಗುವಾಗ ಅಲ್ಲಿದ್ದವರೇ ಅತ್ಯಂತ ಹತ್ತಿರದ ನೆರೆಹೊರೆ, ಬರೀ 400 ಕಿಲೋಮೀಟರ್. ಆ ನೀರಿನಲ್ಲಿ ಇಬ್ಬರ ಜೀವಕ್ಕೂ ಸಾಗರಕ್ಕೂ ನಡುವೆ ಇದ್ದದ್ದು ದಿವಾರಿನಲ್ಲಿ ಯಾರೋ ಅಂಟಿಸಿ, ಉಜ್ಜಿ, ಗಾಳಿಗುಳ್ಳೆ ಓಡಿಸಿದ್ದ ಆ ತೊಗಟೆ ಮತ್ತು ತಿರುಳು. 2025ರ ಮೇ 29ರಂದು ಅವರು ಗೋವಾ ತಲುಪಿದರು. ಸ್ವಾಗತದ ವರದಿಗಳಲ್ಲಿ ಸಚಿವರು, ಅಧಿಕಾರಿಗಳು, ಹೂಗುಚ್ಛ ಎಲ್ಲ ಇದ್ದವು. ರೋಲರ್ ಉರುಳಿಸಿದವರ ಹೆಸರು ನಾನು ಓದಿದ ಒಂದು ವರದಿಯಲ್ಲೂ ಕಾಣಲಿಲ್ಲ.

ನಮ್ಮ ಕರಾವಳಿಯಲ್ಲಿ ಈಗ ಹಾಯಿ ಎಂಬ ಪದವೇ ಮಕ್ಕಳಿಗೆ ಪಠ್ಯಪುಸ್ತಕದ್ದು. ಕೂವೆಮರ, ಮಚವೆ, ಪತ್ತೆಮಾರಿ ಎಂದರೆ ಮುಖ ನೋಡುತ್ತಾರೆ. ಎಂಜಿನ್ ಬಂದ ಮೇಲೆ ಅದಕ್ಕೆ ಯಾರನ್ನೂ ದೂರುವಂತಿಲ್ಲ. ಮೀನು ಹಿಡಿಯುವವನು ಗಾಳಿಗೆ ಕಾದು ಕೂತರೆ ಮಾರುಕಟ್ಟೆ ಕಾಯುವುದಿಲ್ಲ. ಹಾಗೆ ಕಳೆದುಹೋದ ಕೌಶಲವೊಂದು, ಬೇರೆ ವೇಷ ತೊಟ್ಟು, ನಮ್ಮದೇ ಹೊಳೆಯ ಕೆಳಬದಿಯಲ್ಲಿ ಮತ್ತೆ ತಲೆ ಎತ್ತಿದ್ದನ್ನು ನೋಡಬೇಕೆನಿಸಿ ಒಂದು ಆಷಾಢದಲ್ಲಿ ಹೋಗಿದ್ದೆ. ಹಳೆ ಗೋವಾದಿಂದ ದಿವಾರಿಗೆ ಫೆರ್ರಿ. ಐದು ನಿಮಿಷದ ದಾರಿ, ಸ್ಕೂಟರುಗಳು, ಮೀನಿನ ಬುಟ್ಟಿ, ಶಾಲೆಯ ಮಕ್ಕಳು. ಹೊಳೆ ಘಟ್ಟದ ಮಣ್ಣು ಹೊತ್ತು ಕೆಂಪಗೆ ಹರಿಯುತ್ತಿತ್ತು.

ಹಗ್ಗ ಸುತ್ತುತ್ತಿದ್ದ ಫೆರ್ರಿಯವನು ನನ್ನ ಮಾತಿನ ಧಾಟಿ ಕೇಳಿ ಊರು ವಿಚಾರಿಸಿದ. ಕರ್ನಾಟಕ ಎಂದೆ.

‘ಏನು ಸಾಹೇಬರೇ, ನೀರು ಒಯ್ಯಲು ಬಂದಿರಾ?’ ಎಂದು ನಕ್ಕ. ಸುತ್ತ ನಿಂತವರೂ ನಕ್ಕರು.

‘ಇಲ್ಲ ಮಾರಾಯ್ರೇ, ದೋಣಿ ನೋಡಲು.’

‘ಯಾವ ದೋಣಿ?’

‘ಮ್ಹಾದೇಯಿ.’

ಅವನು ಹಗ್ಗ ಬಿಟ್ಟು, ಕಟಕಟೆಯ ಆಚೆ ಕೈ ಚಾಚಿ, ಕೆಳಗಿನ ಕೆಂಪು ನೀರನ್ನು ತೋರಿಸಿದ.